ತಲೆಗೆ ಹತ್ತು ದಿನಾರ್

ಸಲಾವುದ್ದೀನ್ ಜೆರುಸಲೇಮನ್ನು ಮರಳಿ ಗೆದ್ದದ್ದನ್ನು ನಾವು ಸಾಮಾನ್ಯವಾಗಿ ಅವನ ಔದಾರ್ಯದ ಕತೆಯಾಗಿ ಕೇಳುತ್ತೇವೆ. ಅದು ಸುಳ್ಳಲ್ಲ. ಆದರೆ ನನ್ನನ್ನು ಕಾಡುವುದು ಆ ಔದಾರ್ಯಕ್ಕಿದ್ದ ದರ.

1187ರ ಜುಲೈ 4ರಂದು ಹತ್ತೀನ್‌ನಲ್ಲಿ ಕ್ರುಸೇಡರ ಸೈನ್ಯ ನೀರಿಲ್ಲದೆ ಬಳಲಿ ಸೋತಿತು, ರಾಜನೇ ಸೆರೆಯಾದ. ಸೆಪ್ಟೆಂಬರ್ 20ಕ್ಕೆ ಸಲಾವುದ್ದೀನ್ ಜೆರುಸಲೇಮಿನ ಕೋಟೆಯ ಮುಂದಿದ್ದ. ಒಳಗೆ ಕಿಕ್ಕಿರಿದ ನಿರಾಶ್ರಿತರು, ಬೆರಳೆಣಿಕೆಯ ನೈಟ್‌ಗಳು. ಅವರ ನಾಯಕ ಇಬೆಲಿನ್‌ನ ಬಾಲಿಯನ್. ಹೆಂಡತಿಯನ್ನು ಕರೆದೊಯ್ಯಲು ಒಂದೇ ರಾತ್ರಿ ಊರೊಳಗಿರುತ್ತೇನೆಂದು ಸಲಾವುದ್ದೀನನಿಗೇ ಮಾತು ಕೊಟ್ಟು ಬಂದವನು! ಊರವರು ಅವನನ್ನು ಬಿಡಲಿಲ್ಲ. ಧರ್ಮಗುರು ಹೆರಾಕ್ಲಿಯಸ್ ಅವನನ್ನು ಆಣೆಯಿಂದ ಬಿಡಿಸಿದ. ಸಲಾವುದ್ದೀನ್ ಮುನಿಯದೆ ಅವನ ಹೆಂಡತಿಯನ್ನು ಕಾವಲಿನೊಡನೆ ಸುರಕ್ಷಿತವಾಗಿ ಕಳಿಸಿಕೊಟ್ಟ.

ಉತ್ತರದ ಗೋಡೆ ಕುಸಿದ ಮೇಲೆ ಬಾಲಿಯನ್ ಸಂಧಾನಕ್ಕೆ ಬಂದ. 1099ರಲ್ಲಿ ಕ್ರುಸೇಡರು ಇಲ್ಲಿ ಹರಿಸಿದ ನೆತ್ತರಿಗೆ ನೆತ್ತರೇ ಉತ್ತರ ಎಂಬ ನಿಲುವು ಸಲಾವುದ್ದೀನನದು. ಹಾಗಾದರೆ ಹೆಂಡಿರು ಮಕ್ಕಳನ್ನು ನಾವೇ ಕೊಂದು, ಸಾವಿರಾರು ಮುಸ್ಲಿಂ ಸೆರೆಯಾಳುಗಳನ್ನೂ ಕೊಂದು, ಬಂಡೆಯ ಗುಮ್ಮಟವನ್ನು ಕೆಡವಿ, ಆಮೇಲೆ ಹೊರಬಂದು ಸಾಯುತ್ತೇವೆ ಎಂದ ಬಾಲಿಯನ್. ಕರುಣೆಯ ಕತೆ ಹೇಳುವವರು ಈ ಬೆದರಿಕೆಯನ್ನು ಬೇಗ ದಾಟಿಬಿಡುತ್ತಾರೆ. ಒಪ್ಪಂದ ಕುದುರಿದ್ದು ಇದರ ನಂತರವೇ.

ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಗುವಿಗೆ ಒಂದೆರಡು. ನಲವತ್ತು ದಿನ ಗಡುವು. ಸುಮಾರು 7,000 ಬಡವರಿಗಾಗಿ ಒಟ್ಟಾರೆ 30,000 ದಿನಾರ್. ಅಕ್ಟೋಬರ್ 2, ಶುಕ್ರವಾರ ಬಾಗಿಲು ತೆರೆಯಿತು. ಹಿಜರಿ ಪಂಚಾಂಗದಲ್ಲಿ ಅದು ರಜಬ್ 27, ಪ್ರವಾದಿಯವರ ಮಿರಾಜ್‌ನ ದಿನವೆಂದು ಪರಂಪರೆ ನಂಬಿರುವ ತಿಥಿ. ಕೊಲೆ ನಡೆಯಲಿಲ್ಲ. ಗುಮ್ಮಟದ ಮೇಲಿದ್ದ ಶಿಲುಬೆ ಇಳಿಯಿತು, ಏಸುವಿನ ಸಮಾಧಿಯ ಚರ್ಚು ಉಳಿಯಿತು.

ಹೆರಾಕ್ಲಿಯಸ್ ತನ್ನ 10 ದಿನಾರ್ ಎಣಿಸಿಕೊಟ್ಟು, ಚರ್ಚಿನ ಚಿನ್ನಬೆಳ್ಳಿಯನ್ನು ಹೇರಿಕೊಂಡು ಹೊರನಡೆದ. ಸಲಾವುದ್ದೀನ್ ತಡೆಯಲಿಲ್ಲ, ಮಾತು ಮಾತೇ. ಅವನ ತಮ್ಮ ಅಲ್-ಆದಿಲ್ ಸಾವಿರ ಬಡವರನ್ನು ತನ್ನ ಪಾಲಿಗೆಂದು ಕೇಳಿ ಪಡೆದು ಅಲ್ಲೇ ಬಿಡುಗಡೆ ಮಾಡಿದ. ಗೆದ್ದವನ ತಮ್ಮನಿಗೆ ಕಂಡ ಬಡವರು ಸ್ವಂತ ಧರ್ಮಗುರುವಿಗೆ ಕಾಣಲಿಲ್ಲ.

ಸಲಾವುದ್ದೀನನ ಕಾರ್ಯದರ್ಶಿ ಇಮಾದುದ್ದೀನ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಬಾಗಿಲಲ್ಲಿ ಗುಮಾಸ್ತರು ಲಂಚ ತಿಂದದ್ದು, ಕೆಲವರು ಹಗ್ಗ ಹಿಡಿದು ಗೋಡೆ ಇಳಿದದ್ದು, ಇನ್ನು ಕೆಲವರು ಸಿಪಾಯಿ ವೇಷದಲ್ಲಿ ಜಾರಿಕೊಂಡದ್ದು. ಬೊಕ್ಕಸಕ್ಕಾದ ನಷ್ಟ ಅವನಿಗೆ ನೋವು ತಂದಿತ್ತು. ಗಡುವು ಮುಗಿದಾಗ ಹಣ ಕಟ್ಟಲಾಗದೆ ಉಳಿದವರ ಲೆಕ್ಕವನ್ನೂ ಅವನೇ ಕೊಡುತ್ತಾನೆ: ಸುಮಾರು 15,000 ಜನ. ಅದರಲ್ಲಿ 7,000 ಗಂಡಸರು, 8,000 ಹೆಂಗಸರು ಮತ್ತು ಮಕ್ಕಳು. ಅವರೆಲ್ಲ ಗುಲಾಮರಾದರು.