ಕಾರ್ಟರ್, ಬೆನ್ನಿ

1907-2003. ಅಮೆರಿಕದ ಜಾಜ್ ಸಂಗೀತಗಾರ, ವಾದ್ಯಸಂಯೋಜಕ, ವಾದ್ಯವೃಂದದ ನಾಯಕ. ಆಲ್ಟೊ ಸ್ಯಾಕ್ಸೊಫೋನ್, ಟ್ರಂಪೆಟ್, ಕ್ಲಾರಿನೆಟ್ ಮೂರನ್ನೂ ನುಡಿಸುತ್ತಿದ್ದ. ಬಿಗ್ ಬ್ಯಾಂಡಿನ ಸ್ಯಾಕ್ಸೊಫೋನ್ ವಿಭಾಗಕ್ಕೆ ಸಂಗೀತ ಬರೆಯುವ ರೀತಿಯನ್ನೇ ಬದಲಿಸಿದವರಲ್ಲಿ ಈತ ಮುಖ್ಯ.

ಆರಂಭದ ದಿನಗಳು: ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಆಗಸ್ಟ್ 8ರಂದು. ಪಿಯಾನೊದ ಮೊದಲ ಪಾಠ ತಾಯಿಯಿಂದ. ನೆರೆಯ ಬಬರ್ ಮೈಲಿಯ ಟ್ರಂಪೆಟ್ ವಾದನಕ್ಕೆ ಮಾರುಹೋಗಿ, ಹಣ ಕೂಡಿಟ್ಟು ಗಿರವಿ ಅಂಗಡಿಯಿಂದ ಟ್ರಂಪೆಟ್ ತಂದ. ಅದು ಬೇಗ ಕೈಗೆ ಒಲಿಯದಿದ್ದಾಗ ಹಿಂದಿರುಗಿಸಿ ಸ್ಯಾಕ್ಸೊಫೋನ್ ತೆಗೆದುಕೊಂಡ. ವಾದ್ಯಸಂಯೋಜನೆಯನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಮುದ್ರಿತ ಸಂಯೋಜನೆಗಳಲ್ಲಿ ಒಂದೊಂದು ವಾದ್ಯದ ಹಾಳೆಯನ್ನೂ ನೆಲದ ಮೇಲೆ ಹರಡಿ, ಯಾವುದು ಯಾವುದರೊಡನೆ ಹೇಗೆ ಕೂಡುತ್ತದೆ ಎಂದು ನೋಡಿ ನೋಡಿ ಕಲಿತ.

ಸ್ಯಾಕ್ಸೊಫೋನ್ ಬರವಣಿಗೆ: 1930ರ ಹೊತ್ತಿಗೆ ಫ್ಲೆಚರ್ ಹೆಂಡರ್ಸನ್‌ನ ವಾದ್ಯವೃಂದ ಸೇರಿದ. ಅದೇ ವರ್ಷ ಆ ತಂಡಕ್ಕೆ ಮಾಡಿಕೊಟ್ಟ ‘ಕೀಪ್ ಎ ಸಾಂಗ್ ಇನ್ ಯುವರ್ ಸೋಲ್’ ಸಂಯೋಜನೆಯಲ್ಲಿ ಈತನ ಶೈಲಿ ಸ್ಪಷ್ಟವಾಗಿ ಕೇಳುತ್ತದೆ. ಬಿಗ್ ಬ್ಯಾಂಡಿನಲ್ಲಿ ಹಿತ್ತಾಳೆ ವಾದ್ಯಗಳು ಒಂದು ತುಣುಕು ನುಡಿಸಿದರೆ ಸ್ಯಾಕ್ಸೊಫೋನ್‌ಗಳು ಅದಕ್ಕೆ ಉತ್ತರ ಕೊಡುವುದು ರೂಢಿ. ಕಾರ್ಟರ್ ಇಡೀ ಸ್ಯಾಕ್ಸೊಫೋನ್ ವಿಭಾಗಕ್ಕೆ ದೀರ್ಘವಾದ ರಾಗಧಾರೆಯನ್ನು ಕೊಟ್ಟ. ಮೇಲಿನ ಸ್ವರದ ಜಾಡು ಹಿಡಿದು ಉಳಿದ ವಾದ್ಯಗಳು ಒತ್ತೊತ್ತಾಗಿ, ಒಂದೇ ಉಸಿರಿನಲ್ಲಿ ಚಲಿಸುತ್ತವೆ. ಬರೆದಿಟ್ಟ ಸಂಗೀತವೇ ಆದರೂ ಒಬ್ಬ ವಾದಕ ತನ್ನ ಮನೋಧರ್ಮದಿಂದ ಆಗತಾನೆ ಹೆಣೆಯುತ್ತಿರುವಂತೆ ಕೇಳುತ್ತದೆ. ಸ್ವತಃ ಮನೋಧರ್ಮದ ವಾದಕನಾಗಿದ್ದವನ ಲೇಖನಿಗೆ ಮಾತ್ರ ಸಾಧ್ಯವಾದ ಗುಣವಿದು. 1931ರಲ್ಲಿ ಡೆಟ್ರಾಯಿಟ್‌ನ ‘ಮೆಕಿನೀಸ್ ಕಾಟನ್ ಪಿಕರ್ಸ್’ ತಂಡದ ಸಂಗೀತ ನಿರ್ದೇಶಕನಾದ. ಮರುವರ್ಷ ನ್ಯೂಯಾರ್ಕಿನಲ್ಲಿ ಸ್ವಂತ ತಂಡ ಕಟ್ಟಿದ. ‘ಸಿಂಫನಿ ಇನ್ ರಿಫ್ಸ್’ (1933) ಆ ಕಾಲದ ಉತ್ತಮ ಕೃತಿ. ಒಮ್ಮೆ ಬಿಟ್ಟಿದ್ದ ಟ್ರಂಪೆಟ್ಟನ್ನೂ ಈ ವರ್ಷಗಳಲ್ಲಿ ಒಲಿಸಿಕೊಂಡ.

ಯುರೋಪಿನಲ್ಲಿ: 1935ರಲ್ಲಿ ಪ್ಯಾರಿಸ್ಸಿಗೆ ಹೋದ. 1936ರಲ್ಲಿ ಲಂಡನ್ನಿಗೆ ಬಂದು ಹೆನ್ರಿ ಹಾಲ್ ನಡೆಸುತ್ತಿದ್ದ ಬಿಬಿಸಿ ನೃತ್ಯ ವಾದ್ಯವೃಂದಕ್ಕೆ ಸಂಯೋಜಕನಾದ. ‘ವೆನ್ ಲೈಟ್ಸ್ ಆರ್ ಲೋ’ ಅದೇ ವರ್ಷದ ರಚನೆ. 1937ರಲ್ಲಿ ಹಾಲೆಂಡಿನ ಸ್ಕೆವೆನಿಂಗೆನ್‌ನಲ್ಲಿ ಹಲವು ದೇಶಗಳ ಕರಿಯ, ಬಿಳಿಯ ಕಲಾವಿದರನ್ನು ಒಂದೇ ವೇದಿಕೆಗೆ ತಂದ. 1938ರಲ್ಲಿ ತಾಯ್ನಾಡಿಗೆ ಮರಳಿದ.

ಹಾಲಿವುಡ್ ಮತ್ತು ಸಮಾನತೆಯ ಹೋರಾಟ: 1940ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ ‘ಸ್ಟಾರ್ಮಿ ವೆದರ್’ (1943) ಚಿತ್ರಕ್ಕೆ ಕೆಲಸ ಮಾಡಿದ. ಮುಂದೆ ‘ಎಮ್ ಸ್ಕ್ವಾಡ್’ ಟಿ.ವಿ. ಧಾರಾವಾಹಿಗೂ ಸಂಗೀತ ಬರೆದ. ಹಾಲಿವುಡ್ಡಿನ ಸಂಗೀತ ವಿಭಾಗಗಳ ಬಾಗಿಲು ಕರಿಯರಿಗೆ ತೆರೆಯಲು ಈತನ ದುಡಿಮೆ ಕಾರಣವಾಯಿತು. ಆ ನಗರದಲ್ಲಿ ಕರಿಯ ಮತ್ತು ಬಿಳಿಯ ಸಂಗೀತಗಾರರಿಗೆ ಪ್ರತ್ಯೇಕ ಸಂಘಗಳಿದ್ದವು. ಅವು 1953ರಲ್ಲಿ ಒಂದಾಗಲು ಶ್ರಮಿಸಿದವರಲ್ಲಿ ಕಾರ್ಟರ್ ಪ್ರಮುಖ. ಈತನ 1940ರ ದಶಕದ ತಂಡಗಳಲ್ಲಿ ಮೈಲ್ಸ್ ಡೇವಿಸ್, ಮ್ಯಾಕ್ಸ್ ರೋಚ್, ಜೆ.ಜೆ. ಜಾನ್ಸನ್ ಮುಂತಾದ ತರುಣರು ಪಳಗಿದರು.

ನಂತರದ ಕೃತಿಗಳು: ಕೌಂಟ್ ಬೇಸಿಯ ವಾದ್ಯವೃಂದಕ್ಕೆ ‘ಕನ್ಸಾಸ್ ಸಿಟಿ ಸೂಟ್’ (1960) ಬರೆದ. ಎಲಾ ಫಿಟ್ಜೆರಾಲ್ಡ್, ಸಾರಾ ವಾನ್ ಅವರ ಹಾಡುಗಳಿಗೂ ವಾದ್ಯಸಂಯೋಜನೆ ಮಾಡಿದ. 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೋಲ್ಮನ್ ಹಾಕಿನ್ಸ್ ಜೊತೆ ನಾಲ್ಕು ಸ್ಯಾಕ್ಸೊಫೋನ್‌ಗಳಿಗೆ ಹೊಂದಿಸಿದ್ದ ವಿನ್ಯಾಸವನ್ನು ‘ಫರ್ದರ್ ಡೆಫಿನಿಷನ್ಸ್’ (1961) ಧ್ವನಿಮುದ್ರಣದಲ್ಲಿ, ಹಾಕಿನ್ಸ್‌ನನ್ನೇ ಕೂರಿಸಿಕೊಂಡು, ಇನ್ನಷ್ಟು ಬೆಳೆಸಿದ. ನಡುವಣ ಕಾಲು ಶತಮಾನದಲ್ಲಿ ಜಾಜ್ ಎಷ್ಟೋ ಬದಲಾಗಿತ್ತು. ಕಾರ್ಟರನ ಬರವಣಿಗೆ ಮಾತ್ರ ಹಳತೆನಿಸಲಿಲ್ಲ. 1970ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1974ರಲ್ಲಿ ಅಲ್ಲಿಂದಲೇ ಗೌರವ ಡಾಕ್ಟರೇಟ್ ಪಡೆದ. ‘ಹಾರ್ಲೆಮ್ ರಿನೈಸಾನ್ಸ್ ಸೂಟ್’ಗೆ ಗ್ರ್ಯಾಮಿ ಪ್ರಶಸ್ತಿ ಬಂದಾಗ ಎಂಬತ್ತು ದಾಟಿತ್ತು. 1996ರಲ್ಲಿ ಕೆನಡಿ ಸೆಂಟರ್ ಗೌರವ, 2000ದಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ ಸಂದವು.

2003ರ ಜುಲೈ 12ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಸಹಕಲಾವಿದರು ಈತನನ್ನು ‘ಕಿಂಗ್’ ಎಂದು ಕರೆಯುತ್ತಿದ್ದರು. ಜನಪ್ರಿಯತೆಯಲ್ಲಿ ಈತನ ತಂಡಗಳನ್ನು ಮೀರಿಸಿದವು ಹಲವಿದ್ದವು. ಆದರೆ ವಾದಕನಾಗಿಯೂ ಸಂಯೋಜಕನಾಗಿಯೂ ಒಂದೇ ಎತ್ತರದಲ್ಲಿ ಏಳು ದಶಕ ದುಡಿದವರು ಜಾಜ್ ಇತಿಹಾಸದಲ್ಲಿ ತೀರ ವಿರಳ.