ವಿಳಾಸ ಹಿಡಿದು ಹೊರಟ ಮದ್ದು

"ಗೆಡ್ಡೆಗೆ ಅಂತ ಕೊಟ್ಟ ಮದ್ದು ತಲೆಕೂದಲನ್ನು ಯಾಕೆ ಉದುರಿಸಬೇಕು ಮಾರಾಯ್ತಿ?" ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿದ್ದ ನನ್ನ ಚಿಕ್ಕಮ್ಮ ಕೇಳಿದ ಪ್ರಶ್ನೆಯಿದು. ಕಂಪ್ಯೂಟರ್ ಕೆಲಸದ ನನ್ನ ಬಳಿ ಉತ್ತರವಿರಲಿಲ್ಲ. ಓದುತ್ತಾ ಹೋದಂತೆ, ವೈದ್ಯವಿಜ್ಞಾನ ನೂರು ವರ್ಷಗಳಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದೆ ಎಂದು ತಿಳಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್, ರೋಗಕ್ಕಷ್ಟೇ ತಾಗುವ 'ಮಾಯಾಗುಂಡಿ'ನ ಕನಸು ಕಂಡರು. ಹಾಗೆ ಗುರಿ ಹುಡುಕಬಲ್ಲದ್ದು ನಮ್ಮ ದೇಹದಲ್ಲೇ ಇದೆ. ಅದೇ ಪ್ರತಿಕಾಯ, ಅಂದರೆ ಆಂಟಿಬಾಡಿ. ಒಂದೊಂದು ಆಂಟಿಬಾಡಿಗೂ ಅಂಟಿಕೊಳ್ಳಲು ತನ್ನದೇ ಗುರುತು ಬೇಕು. ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು.

ವಿಳಾಸ ಸಿಕ್ಕಿತು. ಅದರ ಬೆನ್ನಿಗೆ ಹೊರಿಸುವುದೇನನ್ನು? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಡಾ. ಸ್ಯಾಲಿ ಡಿನಾರ್ಡೊ ಮತ್ತು ಸಂಗಡಿಗರು ವಿಕಿರಣ ಸೂಸುವ ಅಯೋಡಿನ್-131 ಅನ್ನು ಆಂಟಿಬಾಡಿಗೆ ಜೋಡಿಸಿದರು. 1990ರ ದಶಕದಲ್ಲಿ, ರೋಗ ಹರಡಿ ಬೇರೆ ಚಿಕಿತ್ಸೆ ಫಲಿಸದ ಮಹಿಳೆಯರಿಗೆ ಅದನ್ನು ಕೊಟ್ಟು ನೋಡಿದರು. ಕೆಲವರ ಗೆಡ್ಡೆ ಕುಗ್ಗಿತು, ಆದರೆ ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ.

ಕಾರಣವಿತ್ತು. ಆಂಟಿಬಾಡಿ ದೊಡ್ಡ ಅಣು. ಗಟ್ಟಿ ಗೆಡ್ಡೆಯೊಳಗೆ ಅದು ಇಳಿಯುವುದು ನಿಧಾನ, ಇಳಿಯುವ ಪ್ರಮಾಣವೂ ಅಲ್ಪ. ಅಷ್ಟರಲ್ಲಿ ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತಾ ಅಸ್ಥಿಮಜ್ಜೆಗೆ ವಿಕಿರಣ ತಾಗಿಸುತ್ತದೆ. ಸುಲಭವಾಗಿ ವಿಕಿರಣಕ್ಕೆ ಮಣಿಯುವ ಲಿಂಫೋಮಾಕ್ಕೆ ಇಂಥ ಔಷಧಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ತನ ಕ್ಯಾನ್ಸರ್‌ನಲ್ಲಿ ಅದು ಇನ್ನೂ ಸಂಶೋಧನೆಯ ಹಂತ ದಾಟಿಲ್ಲ.

ಆದರೆ ದಾರಿ ಮುಚ್ಚಲಿಲ್ಲ. ಹರ್-2 ಎಂಬ ಗುರುತನ್ನು ಹಿಡಿಯುವ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಬಂತು. 2013ರಲ್ಲಿ ಅದೇ ಆಂಟಿಬಾಡಿ, ವಿಕಿರಣದ ಬದಲು ಕೀಮೋ ಔಷಧಿಯನ್ನು ಹೊತ್ತು ಬಂತು. ನಮ್ಮ ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದಕ್ಕೆ ಲುಟೀಶಿಯಂ-177 ಜೋಡಿಸಿ ಅಧ್ಯಯನ ಮಾಡಿದ್ದಾರೆ.

ಸಖಿಯರೇ, ಸ್ತನ ಕ್ಯಾನ್ಸರ್ ಪತ್ತೆಯಾದಾಗ ಬರುವ ಬಯಾಪ್ಸಿ ವರದಿಯಲ್ಲಿ ಹರ್-2 ಎಂಬ ಸಾಲೊಂದು ಇರುತ್ತದೆ. ಮನೆಯವರೋ ಗೆಳತಿಯೋ ಆ ವರದಿ ಹಿಡಿದು ಕುಳಿತಿದ್ದರೆ, ಆ ಸಾಲಿನ ಅರ್ಥವನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿ. ತಮಗೆ ಗುಣವಾಗುವ ಭರವಸೆಯಿಲ್ಲದಿದ್ದರೂ ಪ್ರಯೋಗಕ್ಕೆ ಒಪ್ಪಿದ ಎಷ್ಟೋ ಹೆಣ್ಣುಮಕ್ಕಳ ಧೈರ್ಯ ಅದರ ಹಿಂದಿದೆ.