ಮೂರು ನಿಮಿಷದ ಹಿತವಚನ

ಹೊರನಾಡಿನಲ್ಲಿ ನೆಲೆಸಿದ ನಾವು ಊರಿನವರಿಗೆ ಬುದ್ಧಿಮಾತು ಹೇಳುವ ಹಕ್ಕನ್ನು ಎಂದೂ ಬಿಟ್ಟುಕೊಟ್ಟವರಲ್ಲ. ಬದಲಾದದ್ದು ಅದನ್ನು ತಲುಪಿಸುವ ದಾರಿ. ದಾರಿ ಬದಲಾದಂತೆ ಮಾತಿನ ಸ್ವರೂಪವೂ ಬದಲಾಯಿತು.

ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದದ್ದು 1882ರಲ್ಲಿ. ಆದರೆ ಸಾಮಾನ್ಯ ಸಂಸಾರಕ್ಕೆ ಅದು ಬಹುಕಾಲ ಎಟುಕದ ವಸ್ತುವಾಗಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಸ್ಥಾಪನೆಯಾಗಿ ಉಪಕರಣಗಳು ದೇಶದಲ್ಲೇ ತಯಾರಾಗತೊಡಗಿದ ಮೇಲೂ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯಬೇಕಿತ್ತು. ದೂರದ ಊರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕುಳಿತಿರಬೇಕು. ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂದು ಅವಸರಕ್ಕೆ ತಕ್ಕ ಬೆಲೆ. ಕೊನೆಗೆ ಲೈನು ಸಿಕ್ಕರೂ ಮೂರು ನಿಮಿಷವಾಗುತ್ತಲೇ ಆಪರೇಟರಿನ ಎಚ್ಚರಿಕೆ. ಸಾವು, ಹೆರಿಗೆ, ಆಸ್ಪತ್ರೆಯ ಸುದ್ದಿಗೆ ಮಾತ್ರ ಅಲ್ಲಿ ಎಡೆ. ಹಿತವಚನಕ್ಕೆ ಇನ್‌ಲ್ಯಾಂಡ್ ಪತ್ರವೇ ಗತಿ. ಪತ್ರಕ್ಕೆ ಒಂದು ಗುಣವಿತ್ತು: ಬರೆದವರು ಅಂಟಿಸುವ ಮುನ್ನ ಮತ್ತೊಮ್ಮೆ ಓದುತ್ತಿದ್ದರು, ಓದಿದವರು ನಾಲ್ಕು ದಿನ ಯೋಚಿಸಿ ಉತ್ತರಿಸುತ್ತಿದ್ದರು.

ಆಪರೇಟರಿನ ನೆರವಿಲ್ಲದೆ ನೇರವಾಗಿ ಡಯಲ್ ಮಾಡುವ ಎಸ್.ಟಿ.ಡಿ. ಸೌಲಭ್ಯ 1960ರಲ್ಲಿ ಕಾನ್ಪುರ, ಲಖನೌ ನಡುವೆ ಆರಂಭವಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಬಿಸಿಲು, ಧೂಳುಗಳನ್ನು ತಾಳಬಲ್ಲ ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ನೆಲೆಗಳಲ್ಲೊಂದು 1986ರಲ್ಲಿ ನಮ್ಮ ಕಿತ್ತೂರು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಮುಂದೆ ಬೀದಿಬೀದಿಯಲ್ಲಿ ಎಸ್.ಟಿ.ಡಿ. ಬೂತುಗಳ ಹಳದಿ ಫಲಕಗಳು ಮೂಡಿದವು. ದರ ಇಳಿಯುವ ರಾತ್ರಿಯ ಹೊತ್ತಿಗೆ ನಾವು ಅಲ್ಲಿ ಸರತಿ ನಿಲ್ಲುತ್ತಿದ್ದೆವು.

ಪತ್ರದ ಸಲಹೆ ಫೋನಿಗೆ ಬಂದದ್ದು ಆಗಲೇ. ಆದರೆ ಕಣ್ಣೆದುರು ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ನಮ್ಮ ಬಳಗದ ಹಿರಿಯರೊಬ್ಬರು ಒಮ್ಮೆ ಮಾಟುಂಗದ ಬೂತಿನಿಂದ ಊರಿನ ಅಣ್ಣನೊಡನೆ ಮಾತನಾಡಿದರು. ಮಗಳ ಮದುವೆಗೆ ಬಾವಿಯ ಪಕ್ಕದ ಹೊಲ ಮಾರಲೇ ಎಂದು ಅಣ್ಣ ಕೇಳಿದ್ದರು. “ಮಾರಿಬಿಡು ಅಣ್ಣ, ಹೊಲ ಇಟ್ಟುಕೊಂಡು ಏನು ಮಾಡ್ತೀಯ?” ಎಂದರು ಇವರು. ಆ ಕಡೆ ಸ್ವಲ್ಪ ಹೊತ್ತು ಮೌನ, ಬಳಿಕ “ಹೂಂ”. ಹೊಲ ಹೋಯಿತು. ವರ್ಷಗಳ ನಂತರ ಊರಿಗೆ ಹೋದಾಗ ಅಣ್ಣ ಹೇಳಿದರಂತೆ: “ನೀನು ಬೇಡ ಅನ್ನಲಿ ಅಂತಲೇ ಕೇಳಿದ್ದೆ ಕಣೋ. ನಿನಗೆ ದುಡ್ಡು ಏರ್ತಿದೆ ಅಂತ ಸುಮ್ಮನಾದೆ.”

ಆ ಮೌನವನ್ನು ಕೇಳಿಸಿಕೊಳ್ಳಲು ಇನ್ನೂ ಒಂದು ನಿಮಿಷ ಬೇಕಾಗಿತ್ತು.

1995ರಲ್ಲಿ ಮೊಬೈಲ್ ಬಂತು. 2003ರಲ್ಲಿ ಒಳಬರುವ ಕರೆಯ ಶುಲ್ಕವೂ ಹೋಯಿತು. ಈಗ ಮಾತಿಗೆ ಬೆಲೆಯೇ ಇಲ್ಲವೆನ್ನುವಷ್ಟು ಅಗ್ಗ. ಆದರೂ ನಾವು ಅದೇ ಅವಸರದಲ್ಲಿ ತಾಯಿಯ ಔಷಧಿ, ತಮ್ಮನ ಸಾಲ, ಗೆಳೆಯನ ಸಂಸಾರಗಳಿಗೆ ತೀರ್ಪು ಕೊಡುತ್ತೇವೆ. ಬೂತಿನ ಮೀಟರು ಎಂದೋ ನಿಂತಿದೆ. ನಮ್ಮೊಳಗಿನದು ಇನ್ನೂ ಓಡುತ್ತಿದೆ. ಊರಿನಿಂದ ಫೋನು ಬಂದಾಗ, ಹೇಳುವುದಕ್ಕೆ ಮೊದಲು ಆ ಕಡೆಯ ಮೌನಕ್ಕೆ ಕಿವಿಗೊಡುವುದನ್ನು ನಾವು ಇನ್ನಾದರೂ ಕಲಿಯಬೇಕಾಗಿದೆ.